ಮಣಿ ತಣಿಯುವ ಹೊತ್ತು

ಇವತ್ತು ಹಿತ್ತಲ ಕೋಣೆಯಲ್ಲಿ ಕೂತು ಒಂಬತ್ತು ಗಾಜಿನ ಮಣಿ ಮಾಡಿದೆ. ನೀಲಿ ಗಾಜಿನ ಕಡ್ಡಿಯನ್ನು ಗ್ಯಾಸ್ ಟಾರ್ಚ್‌ನ ಉರಿಗೆ ಹಿಡಿದರೆ ತುದಿ ಜೇನಿನ ಹಾಗೆ ಇಳಿಯುತ್ತದೆ. ಅದನ್ನು ಸ್ಟೀಲ್ ಕಂಬಿಗೆ ಸುತ್ತುತ್ತಾ ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಮಣಿ ಒಂದು ಕಡೆಗೆ ಜೋಲುತ್ತದೆ.

ಬಿಸಿ ಮಣಿಯನ್ನು ಹಾಗೇ ಹೊರಗಿಟ್ಟರೆ ಹೊರಮೈ ಮೊದಲು ತಣ್ಣಗಾಗುತ್ತದೆ, ಒಳಗೆ ಬಿಸಿ ಉಳಿಯುತ್ತದೆ, ಆ ಎಳೆದಾಟದಲ್ಲಿ ಸೀಳಿಬಿಡುತ್ತದೆ. ಅದಕ್ಕೇ ಪುಟ್ಟ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಗಂಟೆಗಟ್ಟಲೆ ನಿಧಾನಕ್ಕೆ ತಣಿಸುತ್ತೇನೆ. ಮೊದಮೊದಲು ಅವಸರಪಟ್ಟು ಎಷ್ಟೊಂದು ಮಣಿ ಕಳೆದುಕೊಂಡೆ!

ಕಾಯುತ್ತಾ ಸುಮ್ನೆ ಕೂತಾಗ ಅಜ್ಜಿಯ ಹಸಿರು ಗಾಜಿನ ಬಳೆ ನೆನಪಾಯಿತು. ಅವನ್ನೂ ಯಾರೋ ಉರಿಯ ಮುಂದೆ ಬೆವರುತ್ತಾ ಕೂತು ಮಾಡಿದ್ದರು, ಅಲ್ವಾ? ಅವರ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕುಲುಮೆ ಇನ್ನೂ ಬೆಚ್ಚಗಿದೆ. ನಾಳೆ ತಾಮ್ರದ ತಂತಿ ಸುತ್ತಿ ಅಕ್ಕನಿಗೆ ಓಲೆ ಮಾಡುತ್ತೇನೆ.