ಕಸದ ಬುಟ್ಟಿಗೆ ಹೋದ ಕ್ಲೂಟಿ

ಸ್ಕಾಟ್ಲೆಂಡಿನ ಫೈಫ್ ಕರಾವಳಿಯ ಒಂದು ಸಣ್ಣ ಊರಿನ ಇತಿಹಾಸದ ಮ್ಯೂಸಿಯಂನಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಮೂರನೇ ವಾರ. ಎರಡೇ ಕೋಣೆ, ಒಂದು ಸ್ಟೋರು. ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಿಸ್ಕೆಟ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು "ನಮ್ಮಜ್ಜಿಯದು" ಅಂದರು. ಅವರಿಗೆ ಬಸ್ಸಿನ ಅವಸರ. ಕೂತುಕೊಳ್ಳಿ ಅಂತ ನಾನೂ ಹೇಳಲಿಲ್ಲ. ಫಾರ್ಮಿಗೆ ಸಹಿ ಹಾಕಿಸಿಕೊಂಡು ಕಳಿಸಿಬಿಟ್ಟೆ.

ಡಬ್ಬಿಯೊಳಗೆ ಮರದ ಹಿಡಿಯ ಮೋಟು ಚಾಕು. ಅದರ ಸುತ್ತ ಕಂದು ಕಲೆಯ ಒಂದು ಹಿಡಿ ಚಿಂದಿ, ದಾರದ ತುಂಡುಗಳು. ಹಳೇ ಬಟ್ಟೆ ಅಂದರೆ ನಮಗೆ ಹುಳದ ಭಯ; ಉಣ್ಣೆಯದಾದರೆ ಎರಡು ವಾರ ಫ್ರೀಜರಿನಲ್ಲಿಟ್ಟೇ ಸ್ಟೋರಿಗೆ ಬಿಡುವುದು. ಇದು ಸುತ್ತಿಕೊಟ್ಟ ಬಟ್ಟೆ ತಾನೇ ಅಂತ ಕಸದ ಬುಟ್ಟಿಗೆ ಹಾಕಿದೆ. ಚಾಕುವಿಗೆ ಮಾತ್ರ ರಾಜೋಪಚಾರ! ಹಿಡಿಯ ಮೇಲೆ ಪ್ಯಾರಲಾಯ್ಡ್ ಅನ್ನುವ ಪಾರದರ್ಶಕ ವಾರ್ನಿಷಿನಂಥ ಅಂಟು ಸವರಿ, ಒಣಗಿಸಿ, ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೆ ಇನ್ನೊಂದು ಪದರ ಬಳಿದೆ. ರಿಜಿಸ್ಟರಿನಲ್ಲಿ "ಚಿಕ್ಕ ಚಾಕು, 1".

ಮರುದಿನ ಡಬ್ಬಿ ನೋಡಿದ ಕ್ಯುರೇಟರ್ ಕೇಳಿದ್ದು ಒಂದೇ ಮಾತು: "ಕ್ಲೂಟಿ ಎಲ್ಲಿ?" ಅಷ್ಟು ಹೊತ್ತಿಗೆ ಕಸದ ಲಾರಿ ಬಂದುಹೋಗಿತ್ತು.

ಆ ಚಾಕು ಹೆರಿಂಗ್ ಮೀನು ಸೀಳುವುದು. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೂರದ ನಂಟ. ಇಲ್ಲಿಯ ಹುಡುಗಿಯರು ದೋಣಿಗಳ ಬೆನ್ನಿಗೇ ಶೆಟ್ಲೆಂಡಿನಿಂದ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ವರೆಗೆ, ಕಿಸ್ಟ್ ಅನ್ನುವ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಮೂವರದೊಂದು ತಂಡ. ಇಬ್ಬರು ಮೀನು ಸೀಳಿ ಕರುಳು ತೆಗೆದರೆ ಮೂರನೆಯವಳು ಉಪ್ಪು ಹಾಕಿ ಪೀಪಾಯಿಗೆ ಜೋಡಿಸಬೇಕು. ಪೀಪಾಯಿಯ ತಳ ಎಟುಕಬೇಕಲ್ಲ, ಅದಕ್ಕೆ ಸಾಮಾನ್ಯವಾಗಿ ಉದ್ದ ಇದ್ದವಳೇ ಆಗಬೇಕು. 1907ರಲ್ಲಿ ಸುಮಾರು 25 ಲಕ್ಷ ಪೀಪಾಯಿ ಹೀಗೆ ಉಪ್ಪಾಗಿ ಹೆಚ್ಚಿನಂಶ ಜರ್ಮನಿ, ರಷ್ಯಾ ಕಡೆಗೆ ಹೋಯಿತು. ಚಾಕು ತಾಗಿ ಬೆರಳು ಕೊಯ್ದರೆ ಆ ಗಾಯಕ್ಕೆ ಉಪ್ಪು. ಅದಕ್ಕೇ ಹಿಟ್ಟಿನ ಚೀಲ ಹರಿದು ಒಂದೊಂದು ಬೆರಳಿಗೂ ಪಟ್ಟಿ ಸುತ್ತಿ ದಾರ ಕಟ್ಟುತ್ತಿದ್ದರು. ಅದೇ ಕ್ಲೂಟಿ. ನಾನು ಎಸೆದದ್ದು.

ಡಬ್ಬಿ ಕೊಟ್ಟವರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಮಂಗಳವಾರ ಬರುತ್ತೇನೆ" ಅಂದರು.

ಬಂದವರು ಚೀಲದಿಂದ ಹಳೇ ದಿಂಬಿನ ಕವರು ತೆಗೆದು ಪರಪರ ಹರಿದರು. ನನ್ನ ಕೈ ಎಳೆದುಕೊಂಡು ಹೆಬ್ಬೆರಳಿನಿಂದ ಶುರುಮಾಡಿದರು. ಬೆರಳ ತುದಿ ಮುಚ್ಚಿ ಕೆಳಗಿಳಿಸುತ್ತ ಸುತ್ತಿ, ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದರು. ಒಂಟಿ ಕೈಯಲ್ಲಿ ಗಂಟು ಹಾಕಬೇಕಾದರೆ ಹಲ್ಲೇ ಗತಿ; ಚಿಕ್ಕಂದಿನಲ್ಲಿ ಅಜ್ಜಿ ಆಟಕ್ಕೆ ಕಟ್ಟಿ ತೋರಿಸಿದ್ದರಂತೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಒಂದೂವರೆ ಗಂಟೆ ಮಾತಾಡಿದರು. ಮೊದಲ ದಿನವೇ ಒಂದು ಕಪ್ ಚಹಾ ಕೊಟ್ಟಿದ್ದರೆ ಇದೆಲ್ಲ ಆಗಲೇ ಸಿಗುತ್ತಿತ್ತು.

ಈಗ ವಸ್ತು ಹಿಡಿದು ಯಾರು ಬಂದರೂ ಮೊದಲು ಕುರ್ಚಿ, ಆಮೇಲೆ ಫಾರ್ಮು. "ಇದೇನು" ಅಂತ ಕೇಳುವುದಿಲ್ಲ, "ಮನೆಯಲ್ಲಿ ಎಲ್ಲಿಟ್ಟಿದ್ದಿರಿ" ಅಂತ ಕೇಳುತ್ತೇನೆ. ಹೋದ ವರ್ಷ ಮೊದಲ ಮಹಾಯುದ್ಧದ ಕಂಚಿನ ಫಲಕವೊಂದು ಬಂತು. ಸತ್ತ ಸೈನಿಕರ ಮನೆಗಳಿಗೆ ಸರ್ಕಾರ ಕಳಿಸಿದ್ದು, ಅಂಗೈಯಗಲ, ಹೆಸರಷ್ಟೇ, ಹುದ್ದೆ ಇಲ್ಲ. ಜನ ಅದನ್ನು 'ಸತ್ತವನ ಪೆನ್ನಿ' ಅನ್ನುತ್ತಾರೆ. ಇದರಲ್ಲಿ ಹೆಸರೇ ಸವೆದಿತ್ತು. ಕೆಟ್ಟ ಸ್ಥಿತಿ ಅಂತ ಬರೆಯಲು ಹೊರಟವನು ತಡೆದು ಕೇಳಿದೆ. ಅಡುಗೆಮನೆಯ ಶೆಲ್ಫಿನಲ್ಲಿತ್ತಂತೆ, ಆ ಸೈನಿಕನ ತಾಯಿ ಬದುಕಿರುವವರೆಗೂ ಪ್ರತಿ ಶನಿವಾರ ತಿಕ್ಕಿ ಹೊಳಪು ಕೊಡುತ್ತಿದ್ದಳಂತೆ. ಸ್ಥಿತಿಯ ಕಾಲಂನಲ್ಲಿ ಅದನ್ನೇ ಬರೆದೆ, "ದಾನಿಯ ಮಾತಿನಂತೆ" ಅಂತ ಸೇರಿಸಿ.

ದಿಂಬಿನ ಕವರಿನ ಪಟ್ಟಿಗಳನ್ನೂ ಚಾಕುವಿನ ಜೊತೆಗೇ ಪ್ರದರ್ಶನಕ್ಕಿಡೋಣ, ಯಾರಿಗೆ ಗೊತ್ತಾಗುತ್ತೆ ಅಂತ ನಮ್ಮಲ್ಲೊಬ್ಬರು ಅಂದರು. ನಾನು ಒಪ್ಪಲಿಲ್ಲ. ಅವಕ್ಕೆ ಬೇರೆ ಪೆಟ್ಟಿಗೆ, ಮೇಲೆ 'ಮಾದರಿ' ಅಂತ ಚೀಟಿ. ರಿಜಿಸ್ಟರಿನಲ್ಲಿ "ಚಿಕ್ಕ ಚಾಕು, 1" ಅನ್ನುವುದರ ಕೆಳಗೆ ಈಗ ಇನ್ನೊಂದು ಸಾಲಿದೆ: "ಜೊತೆಗಿದ್ದ ಕ್ಲೂಟಿಗಳು ಸಿಬ್ಬಂದಿಯ ತಪ್ಪಿನಿಂದ ಕಳೆದಿವೆ." ಪಕ್ಕದಲ್ಲಿ ತಾರೀಖು, ನನ್ನ ಸಹಿ.