ಬರೀ ಊರ ಹೆಸರಿನ ವೈನ್

ನವೆಂಬರ್ 16, 2024, ಶನಿವಾರ
ದಿಜೋಂ, ಫ್ರಾನ್ಸ್

"ಇದನ್ನ ಯಾರೂ ಕಾಯೋದಿಲ್ಲ, ನೋಡಮ್ಮ." ಗ್ಲಾಸಿಗೆ ಮೂಗಿಟ್ಟುಕೊಂಡು ಕೂತಿದ್ದ ಕೆಳಮನೆ ತಾತ ಎಷ್ಟೋ ಹೊತ್ತಿನ ಮೇಲೆ ಆಡಿದ ಮೊದಲ ಮಾತು ಇದು.

ಬರ್ಗಂಡಿ ಸೀಮೆಯ ಜೆವ್ರೆ-ಶಾಂಬರ್ತಾಂ ಊರಿನ ಕೆಂಪು ವೈನ್, 2008ರದು. ಎಲ್ಲಕ್ಕಿಂತ ಮೇಲಿನ ದರ್ಜೆಯ ಗ್ರಾಂ ಕ್ರೂ ಅಲ್ಲ, ಅದರ ಕೆಳಗಿನ ಪ್ರೆಮ್ಯೆ ಕ್ರೂ ಕೂಡ ಅಲ್ಲ. ಲೇಬಲ್ ಮೇಲೆ ಬರೀ ಊರ ಹೆಸರು. ಈ ಒಂದೇ ಊರಲ್ಲಿ ಒಂಬತ್ತು ಗ್ರಾಂ ಕ್ರೂ ತೋಟಗಳಿವೆ, ಎಲ್ಲ ಇಳಿಜಾರಿನಲ್ಲಿ. ಊರ ಹೆಸರಿನ ವೈನ್‌ಗೆ ಹೋಗುವ ದ್ರಾಕ್ಷಿ ಹೆಚ್ಚಾಗಿ ಅದಕ್ಕಿಂತ ಕೆಳಗಿನ ನೆಲದ್ದು. ಕೆಲವು ತೋಟಗಳಂತೂ ಬೋನ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯ ಆಚೆಗಿವೆ. ಗ್ರಾಂ ಕ್ರೂ ಆದರೆ ನೆಲಮಾಳಿಗೆಯಲ್ಲಿಟ್ಟು ಇಪ್ಪತ್ತು ವರ್ಷ ಕಾಯುತ್ತಾರೆ. ಊರ ವೈನನ್ನು ತಂದ ವಾರವೇ ತೆಗೆದು ಮುಗಿಸುತ್ತಾರೆ. ನನಗೆ ಇದು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಗುರುವಾರದಿಂದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದೆ, ಗಷ್ಟು ತಳಕ್ಕೆ ಇಳಿಯಲಿ ಅಂತ. ತಾತ ಸ್ಕ್ರೂ ಹಾಕಲು ಬಿಡಲಿಲ್ಲ. ಎರಡು ತೆಳು ಪಟ್ಟಿಯ ಓಪನರ್ ತಂದಿದ್ದರು. ಅದನ್ನು ಕಾರ್ಕಿನ ಎರಡೂ ಬದಿಗೆ ಇಳಿಸಿ, ಅಲುಗಿಸುತ್ತಾ, ತಿರುಗಿಸುತ್ತಾ, ನಿಧಾನಕ್ಕೆ ಮೇಲೆತ್ತಿದರು. ಕಾರ್ಕ್ ಮೆತ್ತಗಾಗಿತ್ತು, ಆದರೆ ಪುಡಿಯಾಗಲಿಲ್ಲ. ಬಗ್ಗಿಸುವಾಗ ಬಾಟಲಿಯ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿ ಅಂದರು. ಕಪ್ಪು ಎಳೆ ಕತ್ತಿನ ಹತ್ತಿರ ಬಂತು, ತಕ್ಷಣ ನಿಲ್ಲಿಸಿದರು.

ಬಣ್ಣ ಮಧ್ಯದಲ್ಲಿ ತಿಳಿಗೆಂಪು, ಅಂಚಿನಲ್ಲಿ ಇಟ್ಟಿಗೆ. ಮೊದಲು ವಾಸನೆಯೇ ಇಲ್ಲ. ಕಾಲು ಗಂಟೆ ಬಿಟ್ಟ ಮೇಲೆ ಬಂತು ನೋಡಿ: ಮಳೆ ನಿಂತ ಮೇಲೆ ಕೊಳೆಯುತ್ತಿರುವ ತರಗೆಲೆ, ಅಣಬೆ, ಅದರ ಹಿಂದೆ ಎಲ್ಲೋ ಸ್ವಲ್ಪ ಒಣಗಿದ ಚೆರಿ. ಬಾಯಲ್ಲಿ ಒಗರು ಇಲ್ಲವೇ ಇಲ್ಲ. ಹುಳಿ ಇದೆ, ಚೆನ್ನಾಗಿಯೇ ಇದೆ. ನುಂಗಿದ ಮೇಲೂ ರುಚಿ ಹೋಗುತ್ತಿಲ್ಲ, ಆ ಹುಳಿಯೇ ಹಿಡಿದುಕೊಂಡಿದೆ ಅನ್ನಿಸಿತು.

2008 ಹೆಸರು ಮಾಡಿದ ವರ್ಷ ಅಲ್ಲ. ಬೇಸಿಗೆಯೆಲ್ಲ ಮಳೆ, ಬಿಸಿಲಿಲ್ಲ, ರೋಗ ಬೇರೆ. ಸೆಪ್ಟೆಂಬರಿನಲ್ಲಿ ಉತ್ತರದ ಗಾಳಿ ಎದ್ದು ಗೊಂಚಲುಗಳನ್ನು ಒಣಗಿಸಿತು, ಅದರಿಂದ ಬೆಳೆ ಉಳಿಯಿತು. ತಾತ ಆಗ ಬೇರೆಯವರ ತೋಟದಲ್ಲಿ ಬಳ್ಳಿ ಸವರುವ ಕೆಲಸದಲ್ಲಿದ್ದರು. "ಹುಳಿ ಜಾಸ್ತಿ ಅಂತ ಎಲ್ಲರೂ ಬೈದರು. ನಾನು ಒಂದು ಪೆಟ್ಟಿಗೆ ಎತ್ತಿಟ್ಟೆ," ಅಂದರು. ಒಗರು ಕೊಡುವ ಟ್ಯಾನಿನ್ನೂ ಬಣ್ಣವೂ ಒಂದಕ್ಕೊಂದು ಕೂಡಿಕೊಂಡು ವರ್ಷಗಟ್ಟಲೆ ತಳಕ್ಕೆ ಇಳಿಯುತ್ತಾ ಹೋಗುತ್ತವೆ, ಒಗರು ತಗ್ಗುತ್ತದೆ. ಹುಳಿ ಮಾತ್ರ ಹಾಗೆಲ್ಲ ಇಳಿದು ಹೋಗೋದಲ್ಲ. ಅಂದು ಬೈಸಿಕೊಂಡ ಹುಳಿ ಇದ್ದದ್ದಕ್ಕೇ ಇವತ್ತು ಈ ವೈನ್ ಜೀವಂತವಾಗಿದೆ. ಎಲ್ಲ ಊರ ವೈನೂ ಹೀಗೆ ಆಗುತ್ತದೆ ಅಂತ ನಾನು ಹೇಳೋದಿಲ್ಲ. ಮಾಡಿದವರ ಕೈ ಚೆನ್ನಾಗಿರಬೇಕು, ಇಟ್ಟ ಜಾಗ ತಣ್ಣಗಿರಬೇಕು. ಆದರೆ ಅವಕಾಶವನ್ನೇ ಕೊಡದಿದ್ದರೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ತಿಕೋಟಾದಿಂದ, ನಮ್ಮ ದ್ರಾಕ್ಷಿ ತೋಟದಿಂದ, ಅಪ್ಪನ ಫೋನ್. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೂವು ಬರುವ ಹೊತ್ತು, ಮೋಡ ಕಟ್ಟಿದೆಯಂತೆ, ಡೌನಿ ಅನ್ನೋ ಬೂಜು ರೋಗದ ಭಯ. "ಡೌನಿ ಬಂದ್ರ ಮುಗೀತವ್ವಾ." ಇಲ್ಲೂ ಈ ವರ್ಷ ಅದೇ ಕಥೆ. ಮಳೆ ಬಿಡಲೇ ಇಲ್ಲ, ಡೌನಿ ಹೊಡೆದು ಬರ್ಗಂಡಿಯ ಕೆಂಪು ವೈನಿನ ದ್ರಾಕ್ಷಿ ಪಿನೊ ನ್ವಾರ್ ಎಷ್ಟೋ ತೋಟಗಳಲ್ಲಿ ಕೈಗೇ ಸಿಗಲಿಲ್ಲ. ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರು ಎಷ್ಟ್ ದಿನಕ್ಕೊಮ್ಮೆ ಔಷಧ ಹೊಡೀತಾರ ಕೇಳು" ಅಂದರು. ತಾತನನ್ನು ಕೇಳಿದೆ. ಎಷ್ಟು ದಿನ ಅಂತ ಲೆಕ್ಕ ಇಲ್ಲ, ದೊಡ್ಡ ಮಳೆ ತೊಳೆದುಕೊಂಡು ಹೋದರೆ ಮತ್ತೆ ಹೊಡೀಬೇಕು ಅಂದರು. ಅಪ್ಪನಿಗೆ ಸಮಾಧಾನವಾದ ಹಾಗಿತ್ತು, ಯಾಕೋ ಗೊತ್ತಿಲ್ಲ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸ್ಪೀಕರ್ ಹಾಕಿ ಇಬ್ಬರ ನಡುವೆ ಕೂತಿದ್ದೆ, ತುಂಬಾ ಚೆನ್ನಾಗಿತ್ತು.

ನಾಳೆ ಬೋನ್‌ನಲ್ಲಿ ಹಳೆಯ ಆಸ್ಪತ್ರೆಯ ಸ್ವಂತ ತೋಟಗಳ ವೈನ್ ಹರಾಜು. 1859ರಿಂದ ನಡೆಯುತ್ತಿದೆ. ಊರಿಡೀ ಜನ, ರೈಲಿನಲ್ಲಿ ನಿಲ್ಲಲೂ ಜಾಗ ಸಿಗೋದಿಲ್ಲ. ಹೋಗೋದು ಬೇಡ ಅಂದುಕೊಂಡಿದ್ದೇನೆ. ಜೆವ್ರೆಯ ಹೊಸ ಬಾಟಲಿಗೇ ಐವತ್ತು ಯೂರೋ ಮೇಲಾಗುತ್ತಿದೆ, ಇನ್ನು ಯಾರು ಕೊಂಡು ಯಾರು ಕಾಯುತ್ತಾರೋ.

ತಾತ ಹೊರಡುವಾಗ 2010ರ ನ್ವಿ-ಸಾಂ-ಜಾರ್ಜ್ ಒಂದು ಬಾಟಲಿ ಕೈಗಿಟ್ಟರು, ಅದೂ ಊರ ವೈನೇ. ಇನ್ನೂ ಐದು ವರ್ಷ ಮುಟ್ಟಬೇಡ ಅಂದರು. ಆದರೆ ಮಾರ್ಚಿನಲ್ಲಿ ಅವರು ಮಗಳ ಮನೆಗೆ, ಲಿಯೋಂಗೆ ಹೋಗಿಬಿಡುತ್ತಾರೆ. ಅದಕ್ಕಿಂತ ಮುಂಚೆ ಇಬ್ಬರೂ ಕೂತು ಇದನ್ನ ತೆಗೆದರೆ ಏನಾಗುತ್ತೆ? ಸ್ವಲ್ಪ ಒಗರು ಇರಬಹುದು, ಇರಲಿ. ಎರಡು ಗಂಟೆ ಮೊದಲೇ ತೆಗೆದಿಟ್ಟರೆ, ಅಥವಾ ಇವರ ಹತ್ತಿರ ಇನ್ನೊಂದು ಇದ್ದರೆ