ಹಂಟಿಂಗ್ಟನ್ ಕಾಯಿಲೆ ಮತ್ತು ನಮ್ಮ ಮನೆಯ ಗಂಜಿ

ಮಿದುಳಿನ ನರಕೋಶಗಳು ಕ್ರಮೇಣ ನಶಿಸುತ್ತ ಹೋಗುವ ಹಂಟಿಂಗ್ಟನ್ ಕಾಯಿಲೆ ನಾಲ್ಕನೆಯ ವರ್ಣತಂತುವಿನಲ್ಲಿರುವ ಒಂದೇ ವಂಶವಾಹಿಯ ದೋಷದಿಂದ ಬರುತ್ತದೆ. 1993ರಲ್ಲಿ ಪತ್ತೆಯಾದ ಆ ವಂಶವಾಹಿಯಲ್ಲಿ ಸಿ, ಎ, ಜಿ ಎಂಬ ಮೂರಕ್ಷರದ ತುಣುಕು 40 ಅಥವಾ ಅದಕ್ಕಿಂತ ಹೆಚ್ಚು ಸಲ ಮರುಕಳಿಸಿದ್ದರೆ, ಪೂರ್ಣಾಯುಷ್ಯ ಬದುಕಿದವರಲ್ಲಿ ಕಾಯಿಲೆ ಕಾಣಿಸಿಕೊಂಡೇ ತೀರುತ್ತದೆ. ಇಷ್ಟು ಖಚಿತವಾದ ಕಾಯಿಲೆಯಲ್ಲಿ ಊಟದಿಂದ ಏನಾದೀತು ಎಂದು ಕೇಳುವವರಿದ್ದಾರೆ. ಆದರೆ ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯಲ್ಲಿ ಈ ಕಾಯಿಲೆ ಹೆಚ್ಚಾಗಿರುವ ಕುಟುಂಬಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಸಂಶೋಧಕಿ ನ್ಯಾನ್ಸಿ ವೆಕ್ಸ್ಲರ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ರೋಗ ಯಾವ ವಯಸ್ಸಿಗೆ ಶುರುವಾಗುತ್ತದೆ ಎಂಬುದನ್ನು ಆ ಮರುಕಳಿಕೆಯೊಂದೇ ತೀರ್ಮಾನಿಸುವುದಿಲ್ಲ. ಬೇರೆ ವಂಶವಾಹಿಗಳಿಗೂ ಪರಿಸರಕ್ಕೂ ಅದರಲ್ಲಿ ಪಾಲಿದೆ. ಆಹಾರವೂ ಆ ಪರಿಸರದೊಳಗೇ ಬರುತ್ತದೆ.

ಉಡುಪಿಯ ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಈ ಕಾಯಿಲೆಯಿದೆ. ನೋಡಲು ಬಂದವರು ಪ್ರೀತಿಯಿಂದಲೇ ಒಂದೊಂದು ಪಥ್ಯ ಹೇಳಿ ಹೋಗುತ್ತಾರೆ: ಏಕಾದಶಿಯ ಉಪವಾಸ ಮೆದುಳಿಗೆ ಒಳ್ಳೆಯದು, ತುಪ್ಪ ಬಿಡಿಸಿ, ರಾತ್ರಿ ಹಣ್ಣು ಮಾತ್ರ ಕೊಡಿ. ಕಡಿಮೆ ಉಣಿಸಿದ ಇಲಿಗಳಲ್ಲಿ ಈ ರೋಗ ನಿಧಾನವಾಯಿತೆಂಬ ಪ್ರಯೋಗ 2003ರಲ್ಲಿ ನಡೆದದ್ದು ನಿಜ. ಮನುಷ್ಯರ ವಿಷಯ ಬೇರೆ. ಈ ರೋಗಿಗಳು ಹೊಟ್ಟೆತುಂಬ ಉಂಡರೂ ಸೊರಗುತ್ತಾರೆ; ಕೈಕಾಲುಗಳ ನಿಲ್ಲದ ಚಲನೆಯ ಜೊತೆಗೆ ದೇಹದ ಒಳಗಿನ ಶಕ್ತಿವ್ಯಯದ ಏರುಪೇರೂ ಇದಕ್ಕೆ ಕಾರಣ. ಆರಂಭದಲ್ಲಿ ಮೈತೂಕ ಚೆನ್ನಾಗಿದ್ದವರಲ್ಲಿ ರೋಗ ನಿಧಾನವಾಗಿ ಮುಂದುವರಿದದ್ದು ರೋಗಿಗಳನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನಗಳಲ್ಲಿ ಕಂಡುಬಂದಿದೆ. ತೂಕವೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗದಿದ್ದರೂ, ಸೊರಗುತ್ತಿರುವವರನ್ನು ಉಪವಾಸ ಕೂರಿಸಬಾರದು ಎನ್ನಲು ನನಗೆ ಇಷ್ಟು ಸಾಕು.

ಎಷ್ಟು ಉಣಿಸಬೇಕು ಎಂಬುದರಷ್ಟೇ ಮುಖ್ಯ, ಹೇಗೆ ಉಣಿಸಬೇಕು ಎಂಬುದು. ಕುಚ್ಚಲಕ್ಕಿ ಗಂಜಿಯಷ್ಟು ಹಗುರವಾದ ಊಟ ಬೇರೊಂದಿಲ್ಲ ಎಂದು ನಮ್ಮ ಕರಾವಳಿಯವರು ನಂಬಿದ್ದೇವೆ. ಆದರೆ ನುಂಗುವ ಸ್ನಾಯುಗಳ ಹಿಡಿತ ತಪ್ಪಿದವರಿಗೆ ನೀರಾದ ತೆಳಿಯೂ ಅದರಲ್ಲಿ ಬಿಡಿಬಿಡಿಯಾಗಿರುವ ಅನ್ನದ ಕಾಳೂ ಒಟ್ಟಿಗೆ ಬಾಯಿಗೆ ಬಂದರೆ ಕಷ್ಟ. ಕಾಳನ್ನು ಅಗಿಯುವಷ್ಟರಲ್ಲಿ ತೆಳಿ ಗಂಟಲಿಗೆ ಜಾರಿ ಶ್ವಾಸನಾಳದತ್ತ ಹೋಗುತ್ತದೆ. ಹೀಗೆ ಶ್ವಾಸಕೋಶ ಸೇರಿದ ಆಹಾರದಿಂದ ಬರುವ ನ್ಯುಮೋನಿಯಾವೇ ಈ ರೋಗಿಗಳ ಸಾವಿಗೆ ಮುಖ್ಯ ಕಾರಣ. ನುಂಗುವಿಕೆಯ ತಜ್ಞರು ಇದನ್ನು ವಿವರಿಸಿದಂದಿನಿಂದ ದೊಡ್ಡಮ್ಮ ತೆಳಿ ಬಸಿದು, ಅನ್ನಕ್ಕೆ ತುಪ್ಪ, ದಪ್ಪ ತೆಂಗಿನ ಹಾಲು ಸೇರಿಸಿ, ಚಮಚದಿಂದ ಕೆಳಕ್ಕೆ ಸುರಿಯದಷ್ಟು ಗಟ್ಟಿಯಾಗಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುತ್ತಾರೆ. ದೊಡ್ಡಪ್ಪ ನೇರವಾಗಿ ಕುಳಿತು, ಗಲ್ಲವನ್ನು ತುಸು ಎದೆಯತ್ತ ಬಾಗಿಸಿ ನುಂಗುತ್ತಾರೆ. ಆ ಹೊತ್ತಿನಲ್ಲಿ ಟಿವಿ ಇಲ್ಲ, ಮಾತಿಲ್ಲ; ಒಂದು ತುತ್ತು ಇಳಿದದ್ದು ಖಾತ್ರಿಯಾದ ಮೇಲೆಯೇ ಇನ್ನೊಂದು.

ಮಾತ್ರೆ ಮತ್ತು ಪುಡಿಗಳ ಮೇಲೆ ನಾನು ಭರವಸೆ ಇಡುವುದಿಲ್ಲ. ಜೀವಕೋಶಗಳ ಶಕ್ತಿಗೆ ನೆರವಾಗಬಹುದೆಂದು ಕೊಟ್ಟು ನೋಡಿದ ಕ್ರಿಯಾಟಿನ್ ಮತ್ತು ಕೋಎನ್‌ಜೈಮ್ ಕ್ಯೂ10 ಎಂಬ ಪೂರಕಗಳೆರಡರ ದೊಡ್ಡ ಪ್ರಯೋಗಗಳನ್ನೂ ಪ್ರಯೋಜನ ಕಾಣದೆ 2014ರಲ್ಲಿ ನಿಲ್ಲಿಸಲಾಯಿತು. ಅಮೆರಿಕ, ಕೆನಡಾಗಳ ಒಂದು ಅಧ್ಯಯನ 2013ರಲ್ಲಿ ಹಾಲಿನ ಉತ್ಪನ್ನಗಳ ಹೆಚ್ಚಿನ ಸೇವನೆಗೂ ರೋಗ ಬೇಗ ಕಾಣಿಸಿಕೊಳ್ಳುವುದಕ್ಕೂ ನಂಟು ಕಂಡಿತ್ತು. ಅಷ್ಟನ್ನೇ ನಂಬಿ, ರೋಗ ಈಗಾಗಲೇ ಬಂದು ಇಳಿದುಹೋದವರ ತಟ್ಟೆಯಿಂದ ಮೊಸರು, ತುಪ್ಪ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲ ಆನುವಂಶಿಕ ಮಿದುಳಿನ ಕಾಯಿಲೆಗಳಿಗೂ ಇದೇ ಊಟವೆಂದು ಯಾರೂ ತಿಳಿಯಬಾರದು. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ದೇಹದಿಂದ ಹೊರಹೋಗದೆ ಯಕೃತ್ತಿನಲ್ಲೂ ಮಿದುಳಿನಲ್ಲೂ ಶೇಖರವಾಗುತ್ತದೆ. ಆ ರೋಗಿಗಳು, ಅದರಲ್ಲೂ ಚಿಕಿತ್ಸೆಯ ಮೊದಲ ವರ್ಷದಲ್ಲಿ, ನಮಗೆ ಪ್ರಿಯವಾದ ಮರುವಾಯಿ (ಚಿಪ್ಪುಮೀನು), ಗೇರುಬೀಜ, ಲಿವರ್, ಅಣಬೆಗಳನ್ನು ಬಿಡಬೇಕಾಗುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನೂ ಅವರಿಗೆ ಕೊಡಬಾರದು. ಅಲ್ಲಿಯೂ ಪಥ್ಯ ಮಾತ್ರೆಗೆ ಬದಲಿಯಲ್ಲ. ತಾಮ್ರವನ್ನು ಹೊರಹಾಕುವ ಪೆನಿಸಿಲಮೈನ್, ಅದು ರಕ್ತಕ್ಕೆ ಸೇರದಂತೆ ತಡೆಯುವ ಸತುವಿನಂಥ ಔಷಧಿಗಳು ಬದುಕಿಡೀ ಬೇಕು. ರೋಗಿಯ ಒಡಹುಟ್ಟಿದವರೂ ಲಕ್ಷಣಗಳಿಗೆ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ದೊಡ್ಡಪ್ಪನ ಮಕ್ಕಳಿಗೆ ಹಂಟಿಂಗ್ಟನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವರು ಏನು ತಿನ್ನಬೇಕೆಂದು ಕೇಳಿದಾಗ, ರೋಗವನ್ನು ಮುಂದೂಡುತ್ತದೆಂದು ಸಿದ್ಧವಾದ ಆಹಾರ ಯಾವುದೂ ಇಲ್ಲವೆಂದು ನೇರವಾಗಿಯೇ ಹೇಳುತ್ತೇನೆ. ಮನೆಯ ಊಟ ಹೊಟ್ಟೆತುಂಬ ಮಾಡಿ, ವ್ಯಾಯಾಮ ಬಿಡಬೇಡಿ, ತೂಕ ಇಳಿಯತೊಡಗಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ ಎನ್ನುತ್ತೇನೆ. ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೋ ಬೇಡವೋ ಎಂಬುದನ್ನು ಆನುವಂಶಿಕ ಸಮಾಲೋಚಕರೊಡನೆ ಕುಳಿತು ಅವರವರೇ ನಿರ್ಧರಿಸಬೇಕು.